ಕುರ್ಚಿ ಕಡಿಮೆ ಹಾಕುವ ನಮ್ಮ ಭಾವ

ನಮ್ಮ ಭಾವನನ್ನು ಊರಿನವರೆಲ್ಲ ಕುರ್ಚಿಯಣ್ಣ ಎಂದು ಕರೆಯುತ್ತಾರೆ. ಪುರಸಭೆಯ ಕಡತದಲ್ಲಿ ಅವರ ಹುದ್ದೆಗೆ ಬೇರೇನೋ ಉದ್ದನೆಯ ಹೆಸರಿದೆ, ಅದು ಅವರಿಗೂ ನೆನಪಿಲ್ಲ. ಕಚೇರಿಯ ಹಿಂದಿರುವ ಸಭಾಭವನದ ಬೀಗ ತೆಗೆಯುವುದು, ಗುಡಿಸುವುದು, ಕುರ್ಚಿ ಹಾಕುವುದು, ಕಾರ್ಯಕ್ರಮ ಮುಗಿದ ಮೇಲೆ ಅವನ್ನು ಮಡಿಸಿ ಗೋಡೆಗೆ ಒರಗಿಸುವುದು ಅವರ ಕೆಲಸ. ಕುರ್ಚಿಗಾಗಿ ಜನ ಕಚ್ಚಾಡುವ ಕಟ್ಟಡದಲ್ಲಿ ಕುರ್ಚಿಯನ್ನು ಇಷ್ಟು ಪ್ರೀತಿಯಿಂದ ಮುಟ್ಟುವವರು ನೀವೊಬ್ಬರೇ ಎಂದು ನಾನು ರೇಗಿಸುತ್ತಿರುತ್ತೇನೆ. ಅಕ್ಕನ ಗಂಡನನ್ನು ರೇಗಿಸದಿದ್ದರೆ ಬಾಮೈದನಾಗಿ ಹುಟ್ಟಿ ಏನು ಪ್ರಯೋಜನ? ನನ್ನ ಹೊಲಿಗೆ ಅಂಗಡಿ ಭವನದ ಬಾಗಿಲಿಗೆ ಎದುರಾಗಿಯೇ ಇರುವುದರಿಂದ ಅದಕ್ಕೆ ದಿನಾ ಅನುಕೂಲವೂ ಇದೆ.

ಆ ಭವನದಲ್ಲಿ ಏನು ನಡೆಯುವುದಿಲ್ಲ ಹೇಳಿ. ಕೂಸುಗಳಿಗೆ ಲಸಿಕೆ, ಹಿರಿಯರಿಗೆ ಕಣ್ಣಿನ ತಪಾಸಣೆ, ಮಕ್ಕಳ ಚಿತ್ರಸ್ಪರ್ಧೆ, ಹಳೆಯ ಪುಸ್ತಕ ಅದಲುಬದಲು ಮಾಡಿಕೊಳ್ಳುವ ಭಾನುವಾರ. ತಿಂಗಳಿಗೊಮ್ಮೆ ನಾಗರಿಕರ ಸಭೆ. ನಲ್ಲಿ, ಬೀದಿದೀಪ, ಕಸದ ಗಾಡಿ, ಯಾರ ದೂರು ಏನೇ ಇರಲಿ, ಅಲ್ಲಿ ಬಂದು ಹೇಳಬಹುದು. ಭಾವನಿಗೆ ಎಲ್ಲಕ್ಕಿಂತ ಪ್ರೀತಿ ಈ ಸಭೆಯ ಮೇಲೆ.

ಊರಿಗೊಂದು ದಾರಿಯಾದರೆ ಇವರಿಗೊಂದು ದಾರಿ. ಸಭೆಗೆ ಎಷ್ಟು ಜನ ಬರಬಹುದೆಂದು ಮನಸ್ಸಿನಲ್ಲೇ ಅಂದಾಜು ಮಾಡಿ, ಅದರ ಅರ್ಧದಷ್ಟು ಕುರ್ಚಿಯನ್ನೂ ಹಾಕುವುದಿಲ್ಲ. ಉಳಿದವು ಗೋಡೆಗೇ ಒರಗಿರುತ್ತವೆ, ಬಂದವರು ತಾವೇ ತಂದು ಹಾಕಿಕೊಳ್ಳಬೇಕು. ಒಮ್ಮೆ ನನಗೆ ಸಿಟ್ಟು ಬಂತು. “ಏನು ಭಾವ, ಸಂಬಳ ತಗೊಳ್ಳೋದು ನೀವು, ಕುರ್ಚಿ ಹೊರೋದು ನಾವಾ?” ಎಂದು ಕೇಳಿದೆ.

“ನೀನು ಕುರ್ಚಿ ತಂದಾಗ ಪಕ್ಕದವ್ರಿಗೆ ಏನಂದೆ?” ಎಂದರು.

“ಇಲ್ಲಿ ಹಾಕ್ಲಾ ಅಂದೆ.”

“ಅಷ್ಟೇ ಬೇಕಾಗಿದ್ದು. ಒಂದ್ಸಲ ಬಾಯಿ ಬಿಟ್ಟವನು ಆಮೇಲೆ ಸುಮ್ನೆ ಕೂರಲ್ಲ. ತಾನೇ ಹೊತ್ತು ತಂದ ಕುರ್ಚಿ ಬಿಟ್ಟು ಮಧ್ಯದಲ್ಲಿ ಎದ್ದೂ ಹೋಗಲ್ಲ.”

ಇದು ಸೋಮಾರಿತನಕ್ಕೆ ಹೊಲಿದ ಒಳ್ಳೆಯ ಅಂಗಿ ಎಂದು ನಾನು ಆಗ ನಕ್ಕುಬಿಟ್ಟೆ. ಅವರ ಮನೆಯಲ್ಲೂ ಇದೇ ಕಥೆ. ಮನೆಮಂದಿಗಿಂತ ಯಾವಾಗಲೂ ಒಂದು ಕುರ್ಚಿ ಕಡಿಮೆ. ಊಟಕ್ಕೆ ಕರೆಸಿಕೊಂಡಾಗಲೆಲ್ಲ ನಾನು ಕೂರುವುದು ಕಿಟಕಿಯ ಕಟ್ಟೆಯ ಮೇಲೆ.

ಹೋದ ವರ್ಷ ಹೊಸ ಮುಖ್ಯಾಧಿಕಾರಿ ಬಂದರು. ಚುರುಕಾದ ಹೆಂಗಸು, ಮಾತು ಕಡಿಮೆ, ನಡಿಗೆ ಜೋರು. ಬಂದ ಸ್ವಲ್ಪ ದಿನಕ್ಕೇ ಸುದ್ದಿ ಹೊರಬಿತ್ತು: ಸಭಾಭವನಕ್ಕೆ ಜನರೇ ಬರುವುದಿಲ್ಲವಂತೆ, ಅದನ್ನು ಉಗ್ರಾಣ ಮಾಡಿ ನೀರಿನ ಕೊಳವೆ, ಕೆಟ್ಟ ಬೀದಿದೀಪಗಳನ್ನು ತುಂಬುತ್ತಾರಂತೆ, ಕುರ್ಚಿಯಣ್ಣನನ್ನು ತೆರಿಗೆ ಕೌಂಟರಿಗೆ ಹಾಕುತ್ತಾರಂತೆ.

ಭಾವ ಆ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕ ನಿಂತರು. ಮುಖದಲ್ಲಿ ರಕ್ತವೇ ಇರಲಿಲ್ಲ. “ಬೆಳಿಗ್ಗೆಯಿಂದ ಸಂಜೆವರೆಗೂ ಕೂತೇ ಇರ್ಬೇಕಂತಪ್ಪ,” ಎಂದರು. ನಗು ಬಂತು, ಆದರೆ ನಗಲಿಲ್ಲ. ಆ ಭವನ ಹೋದರೆ ಈ ಮನುಷ್ಯ ಒಳಗಿಂದ ಕರಗಿಹೋಗುತ್ತಾರೆ ಎಂದು ನನಗೆ ಖಂಡಿತ ಗೊತ್ತಿತ್ತು.

“ಜನ ಬರಲ್ಲ ಅಂತ ಅವ್ರಿಗೆ ಯಾರು ಹೇಳಿದ್ರು? ಪ್ರತಿ ಸಲ ಕಿಕ್ಕಿರಿದಿರುತ್ತಲ್ಲ?”

“ಫೋಟೋ ನೋಡಿ ಹೇಳ್ತಿದ್ದಾರೆ. ಪ್ರತಿ ಸಭೆದೂ ಫೋಟೋ ತೆಗೆದು ನಾನೇ ಕಚೇರಿಗೆ ಕಳಿಸ್ತೀನಲ್ಲ.”

ನನಗೆ ಏನೋ ಹೊಳೆಯಿತು. ಸೂಜಿ ಕೆಳಗಿಟ್ಟು ಕೇಳಿದೆ. “ಭಾವ, ನೀವು ಫೋಟೋ ತೆಗೆಯೋದು ಯಾವಾಗ?”

“ಕುರ್ಚಿ ಹಾಕಿದ ತಕ್ಷಣ. ಜನ ಬಂದ್ಮೇಲೆ ಪುರುಸೊತ್ತೆಲ್ಲಿ?”

ನಾನು ಹಣೆ ಚಚ್ಚಿಕೊಂಡೆ. ದೊಡ್ಡ ಭವನ, ಮಧ್ಯದಲ್ಲಿ ಒಂದು ಹಿಡಿ ಕುರ್ಚಿ, ಅದರ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ವರ್ಷಗಟ್ಟಲೆ ಇಂಥ ಫೋಟೋ ನೋಡಿದ ಕಚೇರಿ ಇನ್ನೇನು ತಿಳಿದುಕೊಳ್ಳಬೇಕು? ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ. ಭಾವ ಫೋನು ತೆಗೆದು ಆ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟರು. ಅವರು ಕೂತಿದ್ದನ್ನು ನಾನು ನೋಡಿದ್ದೇ ಅಪರೂಪ.

ಇಬ್ಬರೂ ಹೋಗಿ ಮುಖ್ಯಾಧಿಕಾರಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಬೈಯಲಿಲ್ಲ. ತುಟಿಯಲ್ಲೇ ನಕ್ಕರು. “ಸರಿ, ಈ ತಿಂಗಳ ಸಭೆಗೆ ನಾನೇ ಬರ್ತೀನಿ. ಕಣ್ಣಾರೆ ನೋಡಿ ತೀರ್ಮಾನ ಮಾಡೋಣ,” ಎಂದರು. ಅದಕ್ಕಿಂತ ನ್ಯಾಯದ ಮಾತು ಬೇರೆ ಏನಿದೆ?

ಸಭೆಯ ದಿನ ಸಂಜೆ ಅಂಗಡಿಗೆ ಬಾಗಿಲು ಹಾಕಿ ಭವನಕ್ಕೆ ಹೋದೆ. ಹೊಸಿಲಲ್ಲೇ ನನ್ನ ಕಾಲು ನಿಂತಿತು. ಇದ್ದಬದ್ದ ಕುರ್ಚಿಗಳನ್ನೆಲ್ಲ ಭಾವ ಸಾಲುಸಾಲಾಗಿ ಹಾಕಿಬಿಟ್ಟಿದ್ದರು. ವೇದಿಕೆಯಿಂದ ಹಿಂದಿನ ಗೋಡೆಯವರೆಗೆ ಕುರ್ಚಿಯೋ ಕುರ್ಚಿ. ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡಿದ್ದರು.

“ಇದೇನು ಭಾವ?”

“ದೊಡ್ಡವ್ರು ಬರ್ತಿದ್ದಾರೆ. ಕಡಿಮೆ ಹಾಕಿದ್ರೆ ಮತ್ತೆ ತಪ್ಪು ತಿಳ್ಕೊಂಡ್ರೆ?”

ಭಯ ಎಂಥವರ ಬುದ್ಧಿಯನ್ನೂ ತಿಂದುಹಾಕುತ್ತದೆ. ಜನ ಬಂದರು, ಎಂದಿನಂತೆಯೇ ಬಂದರು. ಆದರೆ ಒಬ್ಬರು ಈ ಮೂಲೆ, ಇನ್ನೊಬ್ಬರು ಆ ಮೂಲೆ. ಮುಂದಿನ ಸಾಲುಗಳಲ್ಲಿ ಕೂರಲು ಯಾರಿಗೂ ಧೈರ್ಯವಿಲ್ಲ. ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ, ಹಾಗಾಗಿ ಯಾರೂ ಮಾತಾಡಲಿಲ್ಲ. ಮುಖ್ಯಾಧಿಕಾರಿ ಮುಂದಿನ ಸಾಲಿನಲ್ಲಿ ಒಬ್ಬರೇ ಕೂತು, ಆಗಾಗ ಹಿಂದೆ ತಿರುಗಿ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ಉದ್ಯಾನದ ಗೇಟನ್ನು ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿಡಬೇಕು ಎಂದು ಗುಮಾಸ್ತರು ಕೇಳಿದರು. ಯಾರೋ ಕೆಮ್ಮಿದರು. ಅಷ್ಟೇ.

ಬಾಗಿಲ ಬಳಿ ನಿಂತಿದ್ದ ಭಾವನ ಇಸ್ತ್ರಿ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅವರ ಮುಖದಲ್ಲಿ ಅದು ಬರೆದ ಹಾಗಿತ್ತು. ಅಷ್ಟರಲ್ಲಿ ಚಹಾದ ಪಾತ್ರೆ ಹಿಡಿದುಕೊಂಡು ಅಕ್ಕ ಬಂದಳು. ಸಭೆಯ ದಿನ ಚಹಾ ಅವಳದೇ. ಒಂದು ಸಲ ಒಳಗೆ ಕಣ್ಣು ಹಾಯಿಸಿದಳು, ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ರೀ, ಇದೇನು ನಿಮ್ಮ ಅವತಾರ? ಯಾರ ಮದ್ವೆ ಮನೆ ಅಂದ್ಕೊಂಡ್ರಿ ಇದನ್ನ? ತೆಗೀರಿ ಆ ಕುರ್ಚಿಗಳನ್ನ.”

“ಮೇಡಂ ಕೂತಿದ್ದಾರೆ.”

“ಅವ್ರದೊಂದು ಬಿಟ್ಟು ಉಳಿದಿದ್ದು ತೆಗೀರಿ.”

ಅಕ್ಕನ ಮಾತು ಮೀರುವವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ. ಭಾವ ಮುಂದೆ ಹೋಗಿ ಮೊದಲ ಕುರ್ಚಿ ಮಡಿಸಿದರು. ಕಬ್ಬಿಣದ ಕುರ್ಚಿ ಧಡ್ ಎಂದಿತು. ನಾನು ಇನ್ನೊಂದು ಮಡಿಸಿದೆ. ಗುಮಾಸ್ತರು ಬಾಯಿ ತೆರೆದುಕೊಂಡು ನಿಂತರು. ಮುಖ್ಯಾಧಿಕಾರಿ ಹುಬ್ಬೇರಿಸಿದರು.

“ಏನ್ರೀ ಇದು?”

ಭಾವ ಎರಡೂ ಕಂಕುಳಲ್ಲಿ ಕುರ್ಚಿ ಇಟ್ಟುಕೊಂಡೇ ಹೇಳಿದರು. “ಜಾಸ್ತಿ ಆಗಿದೆ ಮೇಡಂ. ಹೀಗಿದ್ರೆ ಇವ್ರು ಮಾತಾಡಲ್ಲ.”

ಹಿಂದಿನಿಂದ ಯಾರೋ ನಕ್ಕರು. ನಿವೃತ್ತಿಯಾದ ಟೀಚರಮ್ಮ ಎದ್ದು, ತಮ್ಮ ಕುರ್ಚಿಯನ್ನು ಎಳೆದುಕೊಂಡು ಮುಂದೆ ಬಂದರು. “ನಾನೂ ನೋಡ್ತಾನೇ ಇದ್ದೆ, ಇವತ್ತು ಯಾಕೋ ಪರೀಕ್ಷೆ ಬರೆಯೋಕೆ ಬಂದ ಹಾಗಿತ್ತು,” ಎಂದರು. ಅವರ ಹಿಂದೆ ಸೈಕಲ್ ರಿಪೇರಿಯವನು ಬಂದ. “ಟೀಚರ್, ಇಲ್ಲಿ ಹಾಕ್ಲಾ?” ಆ ಮಾತು ಕಿವಿಗೆ ಬಿದ್ದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಸಾಲು ಹೋಯಿತು, ವೃತ್ತವಾಯಿತು. ತಡವಾಗಿ ಅಂಗಡಿ ಮುಚ್ಚಿದವರು, ಆಸ್ಪತ್ರೆಯ ಪಾಳಿ ಮುಗಿಸಿದವರು, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡವರು ಬಂದು ಬಂದು ಗೋಡೆಯ ಕುರ್ಚಿ ಎತ್ತಿಕೊಂಡರು. ಟೀಚರಮ್ಮ ಉದ್ಯಾನ ರಾತ್ರಿ ಊಟದ ಹೊತ್ತಿನವರೆಗೂ ತೆರೆದಿರಲಿ ಎಂದರು. ಹಾಗಾದರೆ ದೀಪ ಬೇಕು ಎಂದು ದಾದಿಯೊಬ್ಬಳು ಹೇಳಿದಳು. ದೀಪ ಹಾಕಿದರೆ ಬೆಂಚನ್ನು ನಾನೇ ರಿಪೇರಿ ಮಾಡಿಕೊಡುತ್ತೇನೆ ಎಂದು ಸೈಕಲಿನವನು ಎದೆ ತಟ್ಟಿಕೊಂಡ. ಅವನ ಮಾತು ನಂಬಬೇಡಿ, ನನ್ನ ಸೈಕಲ್ಲೇ ಇನ್ನೂ ಕೊಟ್ಟಿಲ್ಲ ಎಂದು ನಾನೂ ಬಾಯಿ ಹಾಕಿದೆ. ಸಭೆಯೆಲ್ಲ ನಕ್ಕಿತು. ಗುಮಾಸ್ತರು ಬರೆದುಕೊಳ್ಳಲಾಗದೆ ಪೆನ್ನು ಕೆಳಗಿಟ್ಟರು.

ಮುಖ್ಯಾಧಿಕಾರಿ ಉತ್ತರ ಕೊಡಲು ಎದ್ದರು. ದೀಪದ ವಿಷಯ, ಕಾವಲುಗಾರನ ವಿಷಯ ವಿವರಿಸಿ ತಿರುಗಿ ನೋಡಿದರೆ, ಅವರ ಕುರ್ಚಿಯ ಮೇಲೆ ಊರುಗೋಲಿನ ಅಜ್ಜಿಯೊಬ್ಬಳು ಆರಾಮವಾಗಿ ಕೂತಿದ್ದಳು. ಮುಖ್ಯಾಧಿಕಾರಿ ಗೋಡೆಯ ಕಡೆ ನೋಡಿದರು. ಅಲ್ಲಿ ಒಂದು ಕುರ್ಚಿಯೂ ಉಳಿದಿರಲಿಲ್ಲ.

“ಏಳ್ಬೇಕೇನಮ್ಮ?” ಎಂದಳು ಅಜ್ಜಿ.

“ಬೇಡ ಅಜ್ಜಿ, ಕೂತ್ಕೊಳ್ಳಿ,” ಎಂದು ಅವರು ಬಾಗಿಲ ಬಳಿ ಹೋಗಿ ಭಾವನ ಪಕ್ಕದಲ್ಲಿ ನಿಂತರು. ಅಕ್ಕ ಅವರ ಕೈಗೊಂದು ಲೋಟ ಚಹಾ ಕೊಟ್ಟಳು. ಸಭೆ ಮುಗಿಯುವವರೆಗೂ ಇಬ್ಬರೂ ಹಾಗೇ ನಿಂತಿದ್ದರು. ನಡುವೆ ಒಮ್ಮೆ ಅವರು ಭಾವನಿಗೆ ಏನೋ ಹೇಳಿದ್ದು, ಭಾವ ಕಣ್ಣೊರೆಸಿಕೊಂಡಿದ್ದು ದೂರದಿಂದ ಕಂಡಿತು. ಆಮೇಲೆ ಅಕ್ಕ ಹೇಳಿದಳು: “ಕೊಳವೆ ಇಡೋಕೆ ಬೇರೆ ಜಾಗ ಹುಡುಕ್ತೀನಿ” ಎಂದಿದ್ದರಂತೆ. ಅದರ ಜೊತೆಗೆ ಇನ್ನೊಂದು ಮಾತು: “ಫೋಟೋ ಈಗ ತೆಗೀರಿ.”

ಭಾವ ಕಣ್ಣೊರೆಸಿಕೊಳ್ಳುತ್ತಲೇ ತೆಗೆದಿದ್ದರಿಂದ ಫೋಟೋ ಸ್ವಲ್ಪ ಮಸುಕಾಗಿದೆ. ಆದರೂ ಅಕ್ಕ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ, ನಾನು ಕೂರುವ ಕಿಟಕಿಯ ಎದುರಿಗೇ. ಟೀಚರಮ್ಮ ಬೆರಳು ಎತ್ತಿದ್ದಾರೆ, ಸೈಕಲಿನವನು ಎದೆ ಮುಟ್ಟಿಕೊಂಡಿದ್ದಾನೆ, ಅಜ್ಜಿಯ ಊರುಗೋಲು ಗಾಳಿಯಲ್ಲಿದೆ, ನನ್ನ ಬಾಯಿ ಎಂದಿನಂತೆ ತೆರೆದಿದೆ. ಊಟದ ನಡುವೆ ಭಾವ ಆಗಾಗ ತಲೆಯೆತ್ತಿ ಅದನ್ನು ನೋಡುತ್ತಾರೆ. ಇಷ್ಟು ವರ್ಷ ಅವರು ತೆಗೆದ ಫೋಟೋಗಳಲ್ಲಿ ಬರೀ ಕುರ್ಚಿಗಳಿದ್ದವು. ಇದರಲ್ಲಿ ಎಷ್ಟು ಹುಡುಕಿದರೂ ಒಂದು ಕುರ್ಚಿಯೂ ಕಾಣುವುದಿಲ್ಲ.