ಹಿತ್ತಲಲ್ಲಿ ಚೆಲ್ಲಿದ ಚರಗ

ಯಜಮಾನರು ತೀರಿಕೊಂಡ ಮೇಲೆ, ಇನ್ನು ದೇವರ ಧ್ಯಾನ ಮಾಡಿಕೊಂಡಿರು ಎಂದು ಬುದ್ಧಿ ಹೇಳಿದವರೇ ಹೆಚ್ಚು. ನಾನು ಗುದ್ದಲಿ ಹಿಡಿದೆ. ಸವಣೂರಿನ ನಮ್ಮ ಮನೆಯ ಹಿತ್ತಲಲ್ಲಿ ಆಗ ನಾಲ್ಕು ಬದನೆ ಗಿಡ, ಒಂದು ಹೀರೆ ಬಳ್ಳಿ ಬಿಟ್ಟರೆ ಉಳಿದದ್ದೆಲ್ಲ ಜಾಲಿಕಂಟಿ, ಒಡೆದ ಹೆಂಚು. ಎರಡು ವರ್ಷ ಕಡಿದು, ಆರಿಸಿ, ಗೊಬ್ಬರ ಹೊತ್ತು ಹಾಕಿ, ಗೋಡೆಯ ತನಕ ಕಾಯಿಪಲ್ಯದ ಮಡಿ ಮಾಡಿದೆ. ಗೋಡೆಯಾಚೆಯ ಮುಸ್ಲಿಂ ಮನೆಯ ಹೆಂಗಸು, ಓಣಿಗೆಲ್ಲ ಆಪಾ, ತಮ್ಮ ಬೋರಿನ ಪೈಪನ್ನು ಈಚೆ ಬಿಟ್ಟರು.

ಚವಳಿ, ಮೆಂತ್ಯ, ಮೂಲಂಗಿ, ಪುಂಡಿಪಲ್ಯ ಎಲ್ಲ ಬಂದವು. ಒಬ್ಬಳಿಗೆ ಎಷ್ಟು ಬೇಕು? ದಿನಾ ಬೆಳಿಗ್ಗೆ ಬುಟ್ಟಿ ತುಂಬಿ ಮುಂದಿನ ಕಟ್ಟೆಯ ಮೇಲಿಡುತ್ತಿದ್ದೆ. ಓಣಿಯವರು ಬೇಕಾದಷ್ಟು ಒಯ್ಯುತ್ತಿದ್ದರು. ಯಾರಾದರೂ ಸಂಕೋಚಪಟ್ಟರೆ ನನಗೆ ಸಿಟ್ಟೇ ಬರುತ್ತಿತ್ತು.

ಹೋದ ವರ್ಷ ಸೀಗಿ ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಹತ್ತಿಮತ್ತೂರಿನಿಂದ ಮೈದುನ ಬಂದ, ಜೊತೆಗೆ ಮನೆ ಕಟ್ಟುವ ಗೌಂಡಿ. ನನ್ನನ್ನು ಒಂದು ಮಾತೂ ಕೇಳದೆ ಅಳತೆ ಹಿಡಿದರು. ಗೌಂಡಿ ನನ್ನ ಮೆಂತ್ಯದ ಮಡಿಯ ಮೇಲೆಯೇ ಸುಣ್ಣದ ಗೆರೆ ಎಳೆದ.

"ಗೋವಿನಜೋಳ ತುಂಬಾಕ ಗೋದಾಮು ಕಟ್ಟಸ್ತೇನ್ರಿ ವೈನಿ. ಹುಣ್ಣಿವಿ ಮರುದಿನಾನ ಕೆಲಸ ಚಾಲೂ."

"ಮತ್ತ ನನ್ನ ತ್ವಾಟ?"

"ಊರ ಮಂದಿಗೆ ಪುಕ್ಕಟ ಹಂಚಾಕ ತ್ವಾಟ ಯಾಕ ಬೇಕ್ರಿ? ಚರಗ ಚೆಲ್ಲೋ ಹೊಲ ಆಗಿದ್ರ ನಾ ಅದರ ತಂಟೇಕ ಬರ್ತಿರಲಿಲ್ಲ. ಇದು ಬರೇ ಹಿತ್ತಲ."

ಮೈಯೆಲ್ಲ ಉರಿದುಹೋಯಿತು. ಆದರೆ ಚರಗದ ಆ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸೀಗಿ ಹುಣ್ಣಿಮೆ ನಮ್ಮಲ್ಲಿ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಬುಟ್ಟಿಯಲ್ಲಿ ತಂದ ಅಡುಗೆಯನ್ನು ಪೈರಿನ ಸುತ್ತ ಚೆಲ್ಲುತ್ತಾರೆ. ಅದೇ ಚರಗ. ಮುಂದಿನವರು ಚೆಲ್ಲುತ್ತಾ ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತಾ ಓಗೊಡಬೇಕು. ಅದು ಗಂಡಸರ ಕೆಲಸವಂತೆ. ಗಂಡ ಸತ್ತವಳಂತೂ ಆ ಬುಟ್ಟಿಗೆ ಕೈ ಹಾಕಬಾರದಂತೆ. ಎರಡು ವರ್ಷ ಜಾಲಿಮುಳ್ಳು ಚುಚ್ಚಿಸಿಕೊಂಡ ಕೈ ಯಾರದು ಎಂದು ಯಾರೂ ಕೇಳಲಿಲ್ಲ.

ಹುಣ್ಣಿಮೆಯ ದಿನ ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ ಮಾಡಿದೆ. ಹಿಂದೆ ಬರುವವರು ಯಾರು? ಆಪಾ ಗೋಡೆಯ ಮೇಲಿಂದ ಇಣುಕಿದರು.

"ನೀರಿನ ಚರಿಗಿ ನಾ ಹಿಡೀತೇನಿ, ಅಕ್ಕಾ. ಸಣ್ಣಾಕಿ ಇದ್ದಾಗ ನಮ್ಮ ಹೊಲದಾಗ ಓಗೊಡಾಕಿ ನಾನ ಇದ್ದೆ."

ಐದು ಕಲ್ಲಿಗೆ ದಪ್ಪಗೆ ಸುಣ್ಣ ಬಳಿದು, ಗೌಂಡಿಯ ಗೆರೆಯ ಮೇಲೆಯೇ ಸಾಲಾಗಿ ಕೂರಿಸಿದೆ. ಬುಟ್ಟಿ ಹೊತ್ತು "ಹುಲ್ಲುಲ್ಲಿಗೋ!" ಎಂದೆ, ಮೂರು ಓಣಿಗೆ ಕೇಳುವ ಹಾಗೆ. "ಚಲ್ಲಂಬರಿಗೋ!" ಎಂದರು ಆಪಾ, ನನಗಿಂತ ಜೋರಾಗಿ. ಓಣಿಯವರೆಲ್ಲ ಬಂದು ಬದನೆ ಸಾಲುಗಳ ನಡುವೆ ಕುಳಿತು ಉಂಡರು.

ಮರುದಿನ ಮೈದುನ ಟಂಟಂ ಗಾಡಿಯಲ್ಲಿ ಸಿಮೆಂಟ್ ಹೇರಿಕೊಂಡು ಬಂದ. ಹಿತ್ತಲಿಗೆ ಕಾಲಿಟ್ಟವನು ಬಿಳಿ ಕಲ್ಲು ಕಂಡು ನಿಂತ.

"ವೈನಿ, ಇದೇನ ಮಾಡಿದ್ರಿ?"

"ನೀ ಹೇಳಿದ್ದನ್ನ ಮಾಡೇನಿ. ಈಗ ಇದು ಹೊಲ. ಗೋದಾಮು ಬೇಕಂದ್ರ ಕಲ್ಲು ನೀನ ಎತ್ತಿ ಒಗಿ. ನಾ ಬ್ಯಾಡ ಅನ್ನಂಗಿಲ್ಲ."

ಅವನು ಗೌಂಡಿಯ ಮುಖ ನೋಡಿದ.

"ನಾ ಅಂತೂ ಮುಟ್ಟಂಗಿಲ್ರಿ," ಎಂದು ಗೌಂಡಿ ಹಿಂದೆ ಸರಿದ.

ಮೈದುನ ಬಗ್ಗಿ ಚಪ್ಪಲಿ ಕಳಚಿದ. ಸಿಮೆಂಟ್ ಗಾಡಿಯಲ್ಲೇ ಉಳಿಯಿತು. ನಾನು ಬುಟ್ಟಿಯಿಂದ ಎರಡು ಎಳೆ ಬದನೆಕಾಯಿ ತೆಗೆದು ಅವನಿಗೆ ಕೊಟ್ಟೆ, ಓಣಿಯವರಿಗೆಲ್ಲ ಕೊಡುವ ಹಾಗೆಯೇ, ಪುಕ್ಕಟೆ. ಒಂದು ಕೈಯಲ್ಲಿ ಅವನ್ನು ಹಿಡಿದುಕೊಂಡ. ಚಪ್ಪಲಿ ಇನ್ನೊಂದು ಕೈಯಲ್ಲಿತ್ತು, ಬೀದಿ ಮುಟ್ಟುವ ತನಕ.