ಗುಬ್ಬಿಯ ಪಂಕ್ತಿಯಲ್ಲಿ ಶಾರ್ಕ್

ಹೋದ ಭಾನುವಾರ ಗುಬ್ಬಿಯಲ್ಲಿ ನಾನಾಡಿದ ಒಂದು ಮಾತಿಗೆ ಊಟಕ್ಕೆ ಕೂತಿದ್ದ ಮೂವತ್ತು ಜನರ ಕೈ ಎಲೆಯ ಮೇಲೆಯೇ ನಿಂತುಬಿಟ್ಟಿತು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರೂ ಹಾಗೇ ನಿಂತರು.

ವಿಷಯ ಇಷ್ಟು. ಹೆಬ್ಬೂರಿನಲ್ಲಿರುವ ನನ್ನ ಅಕ್ಕನ ಮಗಳು ಚೈತ್ರ ಶಾರ್ಕ್ ಮೀನುಗಳ ಸ್ವಭಾವ ಅಧ್ಯಯನ ಮಾಡುವ ವಿಜ್ಞಾನಿ. (ತಿಮಿಂಗಿಲ ಅಲ್ಲ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.) ನಮ್ಮದೋ ಮಠಕ್ಕೆ ನಡೆದುಕೊಳ್ಳುವ, ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಎರಡು ಸಲ ವಿಚಾರಿಸುವ ಮನೆತನ. ಅದಕ್ಕೇ ಅಕ್ಕ ನೆಂಟರಿಗೆಲ್ಲ, "ನಮ್ಮ ಚೈತ್ರ ನೀರಿನ ಬಗ್ಗೆ ರಿಸರ್ಚ್ ಮಾಡ್ತಾಳೆ" ಅಂತ ಹೇಳಿಕೊಂಡು ಬಂದಿದ್ದಳು. ಪೂರ್ತಿ ಸುಳ್ಳಲ್ಲ. ಮೀನೊಂದನ್ನು ಬಿಟ್ಟು ಹೇಳಿದ್ದಳು, ಅಷ್ಟೆ.

ಈ ಸಲವಂತೂ ರಜೆಗೆ ಬಂದ ಮಗಳಿಗೆ ಹಟ ಹಿಡಿದು ಹೇಳಿದ್ದಳು: ಆ ಕೆಲಸ ಬಿಡು, ತುಮಕೂರಿನಲ್ಲೇ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡು. "ಅತ್ತೆಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ" ಅನ್ನುವುದು ಅವಳ ಸಂಕಟ.

ಅತ್ತೆ ಅಂದರೆ ಪುಟ್ಟಗೌರಮ್ಮ, ನಮ್ಮಪ್ಪನ ಅಕ್ಕ. ಎಂಬತ್ತು ದಾಟಿದೆ. ಅವರೆದುರು ನಾನು ಇವತ್ತಿಗೂ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ. ಗುಬ್ಬಿಯಲ್ಲಿ ಭಾನುವಾರ ನಡೆದದ್ದು ಅವರ ಮರಿಮಗನ ನಾಮಕರಣ.

ಊಟಕ್ಕೆ ಕೂತಾಗ ಕುಣಿಗಲ್ ಕಡೆಯ ನೆಂಟರೊಬ್ಬರು ಚೈತ್ರಳ ಎದುರು ಬಂದು ನಿಂತರು. ಕೈಯಲ್ಲಿ ಜುಟ್ಟಿನ ತೆಂಗಿನಕಾಯಿ.

"ನೀರಿನ ವಿಜ್ಞಾನಿ ಅಂತಲ್ಲವ್ವ ನೀನು. ನಾಳೆ ನಮ್ಮ ತೋಟಕ್ಕೆ ಬಂದು ಅಂಗೈ ಮೇಲೆ ಕಾಯಿ ಇಟ್ಕೊಂಡು ಓಡಾಡಿ ಒಂದು ಬೋರ್ ಪಾಯಿಂಟ್ ತೋರ್ಸ್‌ಬುಡು. ಕಾಯಿ ನಾನೇ ತಂದಿವ್ನಿ."

ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರಲು ಯಾರಿಂದಾದೀತು? ನನ್ನಿಂದಾಗಲಿಲ್ಲ.

"ಅವಳಿಗೆ ನೀರು ಗೊತ್ತಿಲ್ಲ ಕಣಣ್ಣ. ನೀರೊಳಗಿರೋ ಶಾರ್ಕ್ ಮೀನು ಗೊತ್ತು," ಅಂದೆ.

ಆ ಮಾತಿಗೇ ಪಂಕ್ತಿ ನಿಂತದ್ದು. ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆದರೆ ಸಂಪಾದಕರು ಹಾಕುವುದಿಲ್ಲ.

ಅತ್ತೆ ಚೈತ್ರಳನ್ನು ಕರೆದು ಪಕ್ಕ ಕೂರಿಸಿಕೊಂಡರು.

"ಮೀನು ಮುಟ್ತೀಯಾ?"

"ಮುಟ್ತೀನಿ ಅಜ್ಜಿ."

"ತಿಂತೀಯಾ?"

"ಇಲ್ಲ."

"ಅದು ನಿನ್ನ ತಿನ್ನಲ್ವಾ?"

"ಇದುವರೆಗೂ ಇಲ್ಲ. ಕೆಲವು ಸಲ ಇದೇನು ಅಂತ ಬಾಯಿ ಹಾಕಿ ನೋಡುತ್ತೆ. ಮುಟ್ಟಿ ನೋಡೋಕೆ ಅದಕ್ಕೆ ಕೈ ಇಲ್ವಲ್ಲ."

ಅತ್ತೆ ನಮ್ಮ ಕಡೆ ತಿರುಗಿದರು. "ಇವಳು ಅದನ್ನ ತಿನ್ನಲ್ಲ, ಅದು ಇವಳನ್ನ ತಿನ್ನಲ್ಲ. ನೀವ್ಯಾಕೆ ಊಟ ಬಿಟ್ಟು ಕೂತಿದೀರಿ?"

ಮೂವತ್ತು ಕೈಗಳೂ ಒಟ್ಟಿಗೇ ಬಾಯಿಗೆ ಹೋದವು.

ಅತ್ತೆ ಬಿಡಲಿಲ್ಲ. ಮತ್ತೆ ಅದರಲ್ಲಿ ಏನು ನೋಡ್ತೀಯ ಅಂತ ಕೇಳಿದರು. ಆಳವಿಲ್ಲದ ನೀರಿನಲ್ಲಿ ಬಲೆಯ ಬೇಲಿ ಕಟ್ಟಿ ಶಾರ್ಕ್ ಮರಿಗಳನ್ನು ಬಿಡುತ್ತಾರಂತೆ. ಒಳಗೊಂದು ಹೊಸ ವಸ್ತು ಇಡುತ್ತಾರಂತೆ. ಒಂದು ಮರಿ ನೇರ ನುಗ್ಗುತ್ತದೆ. ಇನ್ನೊಂದು ಅಂಚಲ್ಲೇ ಸುತ್ತುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಇಟ್ಟರೂ ಬಹಳ ಮಟ್ಟಿಗೆ ಅದೇ ನಡತೆ. ಒಂದೊಂದಕ್ಕೂ ಅದರದೇ ಸ್ವಭಾವ.

"ನಮ್ಮ ಕೊಟ್ಟಿಗೇಲೂ ಅಷ್ಟೇ ಕಣೇ," ಅಂದರು ಅತ್ತೆ. "ಹೊಸ ಬಾನಿ ಇಟ್ರೆ ಕೆಂದಿ ಹಸು ಸೀದಾ ಮೂತಿ ಇಕ್ತಿತ್ತು. ಎಮ್ಮೆ ಮೂರು ದಿನ ಹತ್ರಾನೇ ಬರ್ತಿರ್ಲಿಲ್ಲ. ಇದನ್ನ ನೋಡೋಕೆ ನಿಂಗೆ ಸಂಬಳ ಕೊಡ್ತಾರಾ?"

"ಕೊಡ್ತಾರೆ ಅಜ್ಜಿ."

"ನಾನು ಅರವತ್ತು ವರ್ಷ ಬಿಟ್ಟಿ ನೋಡಿದ್ನಲ್ಲೇ."

ಚೈತ್ರ ಎಡಗೈಯಲ್ಲೇ ನೋಟ್‌ಬುಕ್ ತೆಗೆದಳು. ಊಟ ಮರೆತು ಎಮ್ಮೆಯ ವಿಚಾರ ಕೇಳತೊಡಗಿದಳು. ಅಕ್ಕ ಹೋಳಿಗೆ ಮುರಿಯುವುದನ್ನೂ ಬಿಟ್ಟು ಮಗಳನ್ನೇ ನೋಡುತ್ತಿದ್ದಳು.

ಕೈ ತೊಳೆಯುವಾಗ ಅಕ್ಕ ಮಗಳಿಗೆ ಮೆಲ್ಲಗೆ ಅಂದಳು. "ಇದನ್ನೆಲ್ಲ ನಂಗೆ ಹೇಳೇ ಇರ್ಲಿಲ್ಲವಲ್ಲೇ."

"ನೀನು ಕೇಳಿರ್ಲಿಲ್ಲಮ್ಮ."

ನನಗೂ ಚುರುಕ್ ಅಂತು. ಸಂಬಳ ಎಷ್ಟು, ಮದುವೆ ಯಾವಾಗ, ಸೈಟ್ ತಗೊಂಡ್ಯಾ ಅಂತ ಕೇಳುತ್ತೇವೆ. ಕೆಲಸದಲ್ಲಿ ದಿನವಿಡೀ ಏನು ಮಾಡುತ್ತೀಯ ಅಂತ ನಮ್ಮ ಮಕ್ಕಳನ್ನು ಕೇಳಿದ್ದೇವಾ?

ಕಾಲೇಜಿನ ಮಾತು ಅಲ್ಲಿಗೇ ನಿಂತಿತು. ಬುಧವಾರ ಚೈತ್ರ ಸಮುದ್ರಕ್ಕೆ ಹೊರಟಳು. ತುಮಕೂರು ಸ್ಟೇಷನ್ನಿಗೆ ಅಕ್ಕನೇ ಬಂದು ರೈಲು ಹತ್ತಿಸಿದಳು.

ನಿನ್ನೆ ತುಮಕೂರಿನ ಗಂಡಿನ ಕಡೆಯವರೊಬ್ಬರು ಅಕ್ಕನಿಗೆ ಫೋನ್ ಮಾಡಿ, ಹುಡುಗಿ ಏನು ಮಾಡ್ತಾಳೆ ಅಂದರಂತೆ. "ಶಾರ್ಕ್ ಸ್ವಭಾವ ಸ್ಟಡಿ ಮಾಡ್ತಾಳೆ. ಯಾರು ಮುಂದೆ ಬರ್ತಾರೆ, ಯಾರು ಅಂಚಲ್ಲೇ ಸುತ್ತುತ್ತಾರೆ, ಎಲ್ಲಾ ಬರ್ಕೋತಾಳೆ," ಅಂತ ಅಕ್ಕ ನೆಟ್ಟಗೇ ಹೇಳಿದಳಂತೆ. ಮನೇಲಿ ಕೇಳಿ ಹೇಳ್ತೀವಿ ಅಂದವರು ಇನ್ನೂ ಫೋನ್ ಮಾಡಿಲ್ಲ.

ಅವರು ಹೆದರಿದ್ದು ಶಾರ್ಕಿಗೋ, ಬರೆದುಕೊಳ್ಳುವ ಹುಡುಗಿಗೋ?