ಹುಲಗಪ್ಪನಿಗೆ ಬೇಕಾಗಿದ್ದ ಮಣ್ಣು

ಸೈನ್ಯ ತನ್ನ ಸಾಮಾನ್ಯ ಸಿಪಾಯಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸುವಾಗ ಅವನಿಗೆ ಎಷ್ಟೋ ಸಲ ನಲವತ್ತೂ ತುಂಬಿರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಉಳಿದ ಅರ್ಧ ಆಯುಷ್ಯ ಅವನು ಏನು ಮಾಡುತ್ತಾನೆ? ನಿಮ್ಮ ಗೇಟು ಕಾಯುತ್ತಾನೆ.

ಕೊಪ್ಪಳ ಕಡೆಯ ಹುಲಗಪ್ಪ ಕಾದದ್ದು ಐರೋಲಿಯ ಒಂದು ಐಟಿ ಕಂಪನಿಯ ಗೇಟು. ಡೊಂಬಿವಲಿಯ ಚಾಳಿನಿಂದ ಹೊರಟು, ಠಾಣೆ ಸ್ಟೇಷನ್ನಿನವರೆಗೆ ಒಂದು ಲೋಕಲ್ ರೈಲಿನಲ್ಲಿ ನೇತಾಡಿ, ಅಲ್ಲಿ ಇನ್ನೊಂದು ಗಾಡಿ ಹಿಡಿದು ಹೋಗುತ್ತಿದ್ದ. ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗರು ಅವನನ್ನು ಅಂಕಲ್ ಎನ್ನುತ್ತಿದ್ದರು. ಮ್ಯಾನೇಜರು ‘ಏ ಸೆಕ್ಯೂರಿಟಿ’ ಎನ್ನುತ್ತಿದ್ದ. ಅವನ ಎಡಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಸುಕ್ಕುಗಟ್ಟಿದ್ದವು. ಡೊಂಬಿವಲಿಯವನಲ್ಲವೇ, ಯಾವುದೋ ಕೆಮಿಕಲ್ ಫ್ಯಾಕ್ಟರಿಯಲ್ಲಿ ಸುಟ್ಟುಕೊಂಡಿರಬೇಕು ಎಂದು ಎಲ್ಲರೂ ತಿಳಿದಿದ್ದರು. ಅವನೂ ತಿದ್ದಲು ಹೋಗಲಿಲ್ಲ.

ಆ ಕೈ ಸುಟ್ಟಿದ್ದು ಹಿಮದಲ್ಲಿ. ಎತ್ತರದ ಸೇನಾ ಠಾಣ್ಯವೊಂದರಲ್ಲಿ, ಡೇರೆಯೊಳಗೆ ಚಳಿಗೆಂದು ಹೊತ್ತಿಸಿದ್ದ ಎಣ್ಣೆ ಒಲೆ ಸಿಡಿದು, ಒಳಗಿದ್ದ ಇಬ್ಬರು ಜೊತೆಗಾರರು ಅವನ ಕಣ್ಣೆದುರೇ ಬೆಂದು ಹೋದರು. ಒಬ್ಬನನ್ನು ಇವನು ಹೊರಗೆ ಎಳೆದಿದ್ದ. ಎಳೆದದ್ದರಿಂದ ಉಪಯೋಗವಾಗಲಿಲ್ಲ.

ಅಂದಿನಿಂದ ಹುಲಗಪ್ಪ ಬೆಂಕಿಯ ಹತ್ತಿರ ಕೂತವನಲ್ಲ. ಹೋಳಿಯ ದಿನ ಚಾಳಿನ ಅಂಗಳದಲ್ಲಿ ಕಟ್ಟಿಗೆ ಒಟ್ಟಿದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ. ಹೆಂಡತಿ ದುರುಗಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳ ಸ್ಟೋವ್ ಹೊತ್ತಿದ ಕೂಡಲೇ ಇವನು ಹೊರಗಿನ ಕಟ್ಟೆಯಲ್ಲಿ.

“ಪಾಕಿಸ್ತಾನಕ್ಕ ಹೆದರದಾವ ನನ್ನ ಸ್ಟೋವಿಗೆ ಹೆದರ್ತಾನ ನೋಡ್ರಿ” ಎಂದು ಅವಳು ನೆರೆಯವರ ಮುಂದೆ ಚುಡಾಯಿಸುತ್ತಿದ್ದಳು.

“ಪಾಕಿಸ್ತಾನ ನಮ್ಮ ಅಡಗಿಮನ್ಯಾಗ ಇರ್ಲಿಲ್ಲಲ್ಲಲೇ” ಎನ್ನುತ್ತಿದ್ದ ಅವನು.

ನಗು ಮುಗಿದ ಮೇಲೆ, ಇಬ್ಬರೇ ಇದ್ದಾಗ, ಒಂದು ಮಾತು ಮಾತ್ರ ಹೇಳಿಟ್ಟಿದ್ದ. “ದುರುಗೀ, ನಾ ಸತ್ರ ಮಣ್ಣಾಗ ಇಡು. ಬೆಂಕಿ ಮಾತ್ರ ಬ್ಯಾಡ.” ಅವಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅವರ ಮನೆತನದಲ್ಲಿ ಸತ್ತವರನ್ನು ಹೂಳುವುದೇ ಪದ್ಧತಿ.

೨೦೧೩ರ ಒಂದು ಬೆಳಿಗ್ಗೆ, ರಾತ್ರಿಪಾಳಿ ಮುಗಿಸಿ ಬರುವಾಗ, ಠಾಣೆಯ ಪ್ಲಾಟ್‌ಫಾರ್ಮಿನ ಮೇಲೆ ಹುಲಗಪ್ಪ ಕುಸಿದು ಸತ್ತ. ಹೆಣ ಮನೆಗೆ ಬರುವಷ್ಟರಲ್ಲಿ ದುರುಗಮ್ಮನ ತಮ್ಮ ಮಾಪಣ್ಣ ನಾಲ್ಕು ಜನರನ್ನು ಕರೆದುಕೊಂಡು, ಕಲ್ಯಾಣದ ಕಡೆಗಿದ್ದ ಹೂಳುವ ಜಾಗಕ್ಕೆ ಕುಣಿ ತೋಡಲು ಹೊರಟಾಗಿತ್ತು.

ಮಗಳು ಹರ್ಷಿತಾ ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಜೀವನವಿಡೀ ‘ಏ ಸೆಕ್ಯೂರಿಟಿ’ ಎನಿಸಿಕೊಂಡ ಅಪ್ಪ ಒಂದು ದಿನವಾದರೂ ಫೌಜಿಯಾಗಿ ಹೋಗಲಿ ಎಂದು ಅವಳಿಗೆ ಅನ್ನಿಸಿತು. ತಪ್ಪೇನು? ಮಾಜಿ ಸೈನಿಕರ ಅಂತ್ಯಯಾತ್ರೆಯ ಮುಂದೆ ಮೋಟಾರ್‌ಸೈಕಲ್ ಓಡಿಸುವ ಒಂದು ಗುಂಪಿನ ವಿಡಿಯೋ ನೋಡಿದ್ದಳು. ಅವರಿಗೆ ಫೋನ್ ಮಾಡಿದಳು.

ಗುಂಪಿನ ಮುಂದಾಳು ಜಯಶೀಲ. ಉಡುಪಿ ಕಡೆಯವರು, ಠಾಣೆಯ ನೌಪಾಡಾದಲ್ಲಿ ಹೋಟೆಲು. ಇಂಥ ಫೋನ್ ಬಂದರೆ ಗಲ್ಲಾ ಬಿಟ್ಟು ಎದ್ದು, ಸ್ವಂತ ಪೆಟ್ರೋಲ್ ಸುಟ್ಟುಕೊಂಡು ಬರುವವರು. ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ. ಹುಲಗಪ್ಪನ ದರ್ಜೆ ಕೇಳಿದರು, ರೆಜಿಮೆಂಟು ಕೇಳಿದರು, ಯೂನಿಫಾರ್ಮಿನ ಫೋಟೋ ತರಿಸಿಕೊಂಡರು. ಹಾರ ಇಡಲು ನಿವೃತ್ತ ಕರ್ನಲ್ ಒಬ್ಬರನ್ನು ಒಪ್ಪಿಸಿದರು. ಬಡವರು ಓಡಾಡುವುದು ಬೇಡವೆಂದು ಹೆಣ ಸುಡಲು ಬೇಕಾದ ಸ್ಮಶಾನದ ಪಾಸನ್ನೂ ತಾವೇ ಮಾಡಿಸಿದರು. ಎಲ್ಲಿಗೆ ಒಯ್ಯಬೇಕು ಎಂದು ಮಾತ್ರ ಕೇಳಲಿಲ್ಲ. ಅವರ ಕಡೆ ಎಲ್ಲರನ್ನೂ ಸುಡುತ್ತಾರೆ. ಕೇಳಬೇಕಾದ ವಿಷಯ ಎಂದೇ ಹೊಳೆದಿರಲಿಲ್ಲ.

ಚಾಳಿನ ಮುಂದೆ ಬುಲೆಟ್ಟುಗಳ ಸಾಲು ನಿಂತಿತು. ಹ್ಯಾಂಡಲಿಗೆ ಪುಟ್ಟ ಬಾವುಟ, ಮೈಗೆ ಕಪ್ಪು ಜಾಕೆಟ್ಟು. ಅಪ್ಪನ ಫೋಟೋ ಹಿಡಿದ ಹರ್ಷಿತಾಳನ್ನು ಮೊದಲ ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿದರು. ದುರುಗಮ್ಮ ಹಿಂದೆ ಶವದ ವ್ಯಾನಿನಲ್ಲಿ. ಬುಲೆಟ್ಟುಗಳನ್ನು ಬಿಡದೆ ಹಿಂಬಾಲಿಸು ಎಂದು ವ್ಯಾನಿನ ಡ್ರೈವರನಿಗೆ ಹೇಳಿದ್ದರು.

ಶಿಳ್ ರಸ್ತೆ ಸಿಕ್ಕಾಗ ಕಲ್ಯಾಣದ ಕಡೆ ತಿರುಗಬೇಕಿತ್ತು. ಬುಲೆಟ್ಟುಗಳು ಇನ್ನೊಂದು ಕಡೆ ತಿರುಗಿದವು. ಮೆರವಣಿಗೆ ಊರು ಸುತ್ತಿ ಹೋಗುತ್ತದೇನೋ ಎಂದುಕೊಂಡಳು ಹರ್ಷಿತಾ.

“ಏ ತಮ್ಮಾ, ಈ ದಾರಿ ಅಲ್ಲೋ!” ದುರುಗಮ್ಮ ನಡುವಿನ ಗಾಜು ಬಡಿದಳು. ಡ್ರೈವರನಿಗೆ ಕನ್ನಡ ಬಾರದು, ಅವಳಿಗೆ ಆ ಗಾಬರಿಯಲ್ಲಿ ಹಿಂದಿ ಬಾಯಿಗೆ ಬರಲಿಲ್ಲ. ಅಳುತ್ತಿದ್ದಾಳೆಂದು ತಿಳಿದು “ರೋ ಮತ್, ಮಾವಶಿ” ಎಂದ. ಅವಳು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. ಹೊರಗೆ ಇಂಜಿನ್ನುಗಳ ಅಬ್ಬರ, ‘ಅಮರ್ ರಹೇ’ ಘೋಷಣೆ. ರಸ್ತೆಬದಿಯ ಜನ ಮೊಬೈಲ್ ಎತ್ತಿ ಅವಳ ಕೂಗನ್ನೂ ಚಿತ್ರಿಸಿಕೊಂಡರು.

ಸ್ಮಶಾನದಲ್ಲಿ ಕರ್ನಲ್ ಸಾಹೇಬರು ಕಾಯುತ್ತಿದ್ದರು. ಸ್ಟ್ರೆಚರ್ ಇಳಿಯಿತು. ವಿದ್ಯುತ್ ಭಟ್ಟಿಯ ಬಾಗಿಲು ಕಂಡದ್ದೇ ದುರುಗಮ್ಮ ಗಂಡನ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

“ಸುಡಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಅವಗ ಬೆಂಕಿ ಬ್ಯಾಡ್ರೀ!”

ಸುಡಬೇಡಿ ಎಂದು ಯಾವ ವಿಧವೆ ಕೂಗುವುದಿಲ್ಲ? ನೆರೆದವರು ದುಃಖ ಎಂದುಕೊಂಡರು. ಇಬ್ಬರು ಹೆಂಗಸರು ಬಲು ಮೃದುವಾಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಆದರೆ ಕನ್ನಡ ಬಲ್ಲ ಒಬ್ಬರು ಅಲ್ಲಿದ್ದರು, ಜಯಶೀಲ. ಹರ್ಷಿತಾ ಅವರ ತೋಳು ಹಿಡಿದು, “ಅಂಕಲ್, ಹಮಾರೇ ಮೇ ದಫ್‌ನಾತೇ ಹೈ. ಮಾಮಾ ಉಧರ್ ಖಡ್ಡಾ ಖೋದ್ ರಹಾ ಹೈ” ಎಂದಳು. ನಮ್ಮಲ್ಲಿ ಹೂಳುತ್ತಾರೆ, ಮಾಮ ಅಲ್ಲಿ ಕುಣಿ ತೋಡುತ್ತಿದ್ದಾನೆ ಎಂದು.

ಜಯಶೀಲ ಕರ್ನಲ್ ಕಡೆ ನೋಡಿದರು. ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. ತಮ್ಮ ಹುಡುಗರ ಕಡೆ ನೋಡಿದರು. ಅವರು ಸೆಲ್ಯೂಟಿಗೆ ಸಾಲಾಗಿ ನಿಂತಾಗಿತ್ತು.

“ನೀನು ಮೊದಲೇ ಹೇಳುದಲ್ವಾ ಮಗಾ? ಈಗ ಎಲ್ಲ ರೆಡಿ ಆಗಿ ಉಂಟು. ಇಷ್ಟು ಜನರ ಎದುರು ವಾಪಸ್ ತೆಗೆದುಕೊಂಡು ಹೋದರೆ ಅಪ್ಪನಿಗೇ ಅವಮಾನ ಅಲ್ವಾ?”

ಹುಡುಗಿ ಅವರ ತೋಳು ಬಿಟ್ಟಳು. ಸೆಲ್ಯೂಟ್ ಆಯಿತು. ಬಾಗಿಲು ತೆರೆಯಿತು, ಮುಚ್ಚಿತು.

ಅತ್ತ ಮಾಪಣ್ಣ ಬಿಸಿಲಿನಲ್ಲಿ ಕುಣಿಯ ಅಂಚಿಗೆ ಕೂತು ದಾರಿ ಕಾಯುತ್ತಿದ್ದ. ಫೋನ್ ಬಂತು. ತೋಡಿದ ಕುಣಿಯನ್ನು ಅವರಲ್ಲಿ ಖಾಲಿ ಮುಚ್ಚುವುದಿಲ್ಲ. ಒಂದು ಕಲ್ಲು ಇಟ್ಟು ಮಣ್ಣು ಎಳೆದ.

ವಾರದ ಮೇಲೆ ಜಯಶೀಲ ಮೆರವಣಿಗೆಯ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಚಾಳಿಗೆ ಬಂದರು. ದುರುಗಮ್ಮ ನೀರು ಕೊಟ್ಟಳು. ಕೂತ ಮೇಲೆ ಒಂದೇ ಮಾತು ಕೇಳಿದಳು.

“ಅಣ್ಣಾರ, ಅವತ್ತು ನಾ ಒದರಿದ್ದು ನಿಮಗ ತಿಳಿದಿತ್ತಲ್ಲ?”

ನೀರಿನ ಲೋಟ ಕೆಳಗಿಟ್ಟು ಅವರೆಂದರು: “ತಿಳಿದಿತ್ತಮ್ಮ.”

ಅವಳು ಬೈಯಲಿಲ್ಲ. ಫೋಟೋ ತೆಗೆದುಕೊಳ್ಳಲೂ ಇಲ್ಲ. ಅದನ್ನು ಸೀಟಿಗೆ ಕಟ್ಟಿಕೊಂಡು ಅವರು ಠಾಣೆಗೆ ಮರಳಿದರು.

ಹಿಮದಲ್ಲಿ ಬೆಂಕಿಯಿಂದ ಪಾರಾಗಿ ಬಂದವನನ್ನು ನಾವು ಗೌರವ ಕೊಟ್ಟು ಬೆಂಕಿಗೆ ತಳ್ಳಿದೆವು. ‘ನಾವು’ ಎನ್ನುತ್ತಿದ್ದೇನೆ, ಏಕೆಂದರೆ ಮೊಬೈಲುಗಳಲ್ಲಿ ಹರಿದಾಡಿದ ಆ ಮೆರವಣಿಗೆಯ ವಿಡಿಯೋಕ್ಕೆ ಕೈ ಮುಗಿದ ಸಾವಿರಾರು ಜನರಲ್ಲಿ ನೀವೂ ಇರಬಹುದು.

ಈ ಊರುಗಳಲ್ಲಿ ಇನ್ನೊಬ್ಬ ಹಳೆಯ ಸಿಪಾಯಿ ನಾಳೆಯೇ ಸಾಯಬಹುದು. ಬಾವುಟ ಕಟ್ಟಿಕೊಂಡು ನೀವು ಹೋಗುತ್ತೀರಿ. ಹೋಗಿ. ಆದರೆ ಇಂಜಿನ್ ಬಂದ್ ಮಾಡಿ, ಹೆಲ್ಮೆಟ್ ತೆಗೆದು, ಮೊದಲು ಮನೆಯೊಳಕ್ಕೆ ಕಾಲಿಡಿ. ಅವನ ಹೆಂಡತಿಯ ಎದುರು ನೆಲದ ಮೇಲೆ ಕೂತು, ಎಲ್ಲಿಗೆ ಒಯ್ಯಬೇಕು ಎಂದು ಕೇಳಿ. ಅವಳು ಹೇಳಿ ಮುಗಿಸುವವರೆಗೆ ಏಳಬೇಡಿ.